ತೊಂಬತ್ತೊಂಬತ್ತರಲ್ಲಿ ನಾನೂ ಒಬ್ಬಳು

2020ರ ಜನವರಿ. ನಮ್ಮ ಸಭೆಯ ಯೌವನಸ್ಥರ ಸಂಘದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಸಣ್ಣ ಸಾಲು ಬಂತು. ಇಂಥವರು ಗ್ರೂಪ್ ಬಿಟ್ಟಿದ್ದಾರೆ ಅಂತ. ಅದಾಗಿ ಐದು ನಿಮಿಷಕ್ಕೆ ಯಾರೋ ಶುಭೋದಯದ ಚಿತ್ರ ಹಾಕಿದರು. ಇನ್ಯಾರೋ ಭಾನುವಾರದ ಹಾಡುಗಳ ಪಟ್ಟಿ ಕೇಳಿದರು. ಆ ಸಾಲು ಮೇಲಕ್ಕೆ ಸರಿದು ಹೋಯ್ತು.

ಗ್ರೂಪ್ ಬಿಟ್ಟವನು ನನ್ನ ಅಣ್ಣ. ದೊಡ್ಡಪ್ಪನ ಮಗ. ತುಮಕೂರು ಕಡೆಯ ನಮ್ಮ ಪುಟ್ಟ ಸಭೆಯಲ್ಲಿ ಹನ್ನೆರಡು ವರ್ಷ ಹಾರ್ಮೋನಿಯಂ, ಆಮೇಲೆ ಕೀಬೋರ್ಡ್ ನುಡಿಸಿದವನು. ನನಗೆ ಭಾನುವಾರ ಶಾಲೆಯಲ್ಲಿ ಕಳೆದುಹೋದ ಕುರಿಯ ಕತೆ ಹೇಳಿಕೊಟ್ಟವನೂ ಅವನೇ. ಚಾರ್ಟ್ ಪೇಪರಿನ ಮೇಲೆ ಹತ್ತಿ ಅಂಟಿಸಿ ಕುರಿ ಮಾಡಿಸಿದ್ದ.

ಆ ಸಾಲು ನೋಡಿದಾಗ ನಾನು ಆಫೀಸ್ ಬಸ್ಸಿನಲ್ಲಿದ್ದೆ. ನೋಡಿದೆ, ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ಫೋನ್ ಮಾಡಬೇಕು ಅನ್ನಿಸಲಿಲ್ಲ ಅಂತಲ್ಲ. ಅನ್ನಿಸಿತು. ಆದರೆ ಏನಂತ ಮಾತಾಡೋದು? ಅವನು ಹೋಗುವಂತೆ ಮಾಡಿದ್ದರಲ್ಲಿ ನನ್ನ ಪಾಲೂ ಇತ್ತು.

ಹದಿನೆಂಟೂವರೆ ಸಾವಿರ

ನಮ್ಮ ಕಡೆ ಡಿಸೆಂಬರ್ ಬಂತು ಅಂದ್ರೆ ಕ್ಯಾರಲ್ಸ್. ರಾತ್ರಿ ಮನೆಮನೆಗೆ ಹೋಗಿ ಹಾಡ್ತೀವಿ, ಮನೆಯವರು ಕೈಲಾದಷ್ಟು ಕಾಣಿಕೆ ಕೊಡ್ತಾರೆ. ಆ ದುಡ್ಡಲ್ಲಿ ಊರಿನ ವಿಧವೆಯರಿಗೆ, ಒಂಟಿ ಹಿರಿಯರಿಗೆ ಕಂಬಳಿ ಕೊಡೋದು ವಾಡಿಕೆ. 2019ರಲ್ಲಿ ಸಂಘದ ಖಜಾಂಚಿ ನಮ್ಮಣ್ಣ, ಕಾರ್ಯದರ್ಶಿ ನಾನು. ವರ್ಷದ ವರದಿ ಬರೆಯೋಕೆ ಲೆಕ್ಕ ಕೇಳಿದೆ. ಇವತ್ತು ನಾಳೆ ಅಂದ. ಕೊನೆಗೆ ಪಾಸ್‌ಬುಕ್ ನೋಡಿದರೆ ಹದಿನೆಂಟೂವರೆ ಸಾವಿರ ರೂಪಾಯಿ ಇಲ್ಲ.

ಆನ್‌ಲೈನ್ ರಮ್ಮಿಯಲ್ಲಿ ಕಳೆದಿದ್ದ. ಮೊದಲು ಸಂಬಳ ಹೋಗಿತ್ತು. ಆಮೇಲೆ ಮೊಬೈಲ್ ಸಾಲದ ಆಪ್‌ಗಳಲ್ಲಿ ಎತ್ತಿದ್ದ. ಅವರು ಕಾಟ ಕೊಡೋಕೆ ಶುರು ಮಾಡಿದಾಗ ಕ್ಯಾರಲ್ಸ್ ದುಡ್ಡಿಗೆ ಕೈ ಹಾಕಿದ್ದ. ಸಂಬಳ ಬಂದ ತಕ್ಷಣ ತುಂಬ್ತೀನಿ ಅಂದ್ಕೊಂಡಿದ್ದನಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ಆಮೇಲೆ. ಆವತ್ತು ಗೊತ್ತಿದ್ದದ್ದು ಒಂದೇ, ದುಡ್ಡಿಲ್ಲ.

ನಾನು ಅವನನ್ನು ಕೇಳಲಿಲ್ಲ. ಸೀದಾ ಸಭೆಯ ಹಿರಿಯರೊಬ್ಬರಿಗೆ ಹೇಳಿದೆ. ಅವರು ಕಮಿಟಿಗೆ ಹೇಳಿದರು. ಹೊಸ ವರ್ಷದ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಸಾಮಾನ್ಯ ಸಭೆ ಸೇರಿಸಿ, ಎಲ್ಲರ ಎದುರು ಅವನನ್ನ ನಿಲ್ಲಿಸಿ ಕೇಳಿದರು. ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಕೂತಿದ್ದರು. ಸೆರಗು ಬಾಯಿಗೆ ಹಿಡಿದು ಕೂತಿದ್ದರು, ಎದ್ದು ಹೋಗಲೂ ಇಲ್ಲ. ಅಣ್ಣ ತಪ್ಪಾಯ್ತು ಅಂದ. ಎರಡು ತಿಂಗಳು ಟೈಮ್ ಕೊಡಿ ಅಂದ. ಅವತ್ತಿಂದ ಅವನು ಕೀಬೋರ್ಡ್ ಮುಟ್ಟುವುದು ಬೇಡ ಅಂತ ತೀರ್ಮಾನವಾಯ್ತು.

ಬೈಕ್ ಮಾರಿ ಮಾರ್ಚ್ ಮೊದಲ ವಾರದಲ್ಲೇ ಪೂರ್ತಿ ದುಡ್ಡು ಕಟ್ಟಿದ. ಅದನ್ನ ಯಾರೂ ಸಭೆಯಲ್ಲಿ ಓದಿ ಹೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡ್ವಿ, ಅಷ್ಟೇ. ಆ ಸಾಲು ಬರೆದಿದ್ದು ನಾನೇ, ನೀಲಿ ಇಂಕಿನಲ್ಲಿ. ತಪ್ಪು ನೂರು ಜನರ ಕಿವಿಗೆ ಬಿತ್ತು, ತೀರಿಸಿದ್ದು ಒಂದು ಪುಸ್ತಕದೊಳಗೆ ಉಳೀತು.

ಅದಾದ ಮೇಲೆ ಕೊರೊನಾ ಬಂತು. ಎಲ್ಲರೂ ಮನೆಯಲ್ಲೇ ಕೂತು ಮೊಬೈಲ್‌ನಲ್ಲಿ ಆರಾಧನೆ. ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಲೆಕ್ಕ ಇಡೋಕೆ ಬೆಂಚುಗಳೇ ಇರಲಿಲ್ಲ. ಬಾಗಿಲು ತೆರೆದಾಗ ಅವನು ಇರಲಿಲ್ಲ. ಅವನು ಇಲ್ಲ ಅಂತ ಕೇಳಿದವರೂ ಇರಲಿಲ್ಲ.

ಅಜ್ಜಿಯ ಡಬ್ಬಿ

ಕೇಳ್ತಿದ್ದವರು ಒಬ್ಬರೇ, ಅಜ್ಜಿ. ಪ್ರತಿ ಕ್ರಿಸ್ಮಸ್‌ಗೆ ಕರ್ಜಿಕಾಯಿ, ಕಜ್ಜಾಯ ಮಾಡಿ ಒಬ್ಬೊಬ್ಬರ ಹೆಸರಲ್ಲಿ ಡಬ್ಬಿಗೆ ತುಂಬುವುದು ಅವರ ಪದ್ಧತಿ. ಅಣ್ಣನ ಡಬ್ಬಿಯೂ ತುಂಬುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಅದನ್ನ ಪಕ್ಕದ ಮನೆ ಮಕ್ಕಳಿಗೆ ಕೊಡುತ್ತಿದ್ದರು. ಡಬ್ಬಿ ತೊಳೆದು ಮತ್ತೆ ಅದೇ ಶೆಲ್ಫಿನಲ್ಲಿ ಇಡುತ್ತಿದ್ದರು.

2023ರ ಕ್ರಿಸ್ಮಸ್‌ನಲ್ಲಿ ನಾನು ಹೇಳಿದೆ, “ಅಜ್ಜಿ, ಅವನು ಬರಲ್ಲ. ಸುಮ್ನೆ ಯಾಕೆ ತುಂಬಿಸ್ತೀರ?”

“ನೀನು ಕರೆದ್ಯಾ?” ಅಂದರು.

“ಅವನಿಗೆ ಗೊತ್ತಿಲ್ವಾ, ಬಾಗಿಲು ತೆರೆದೇ ಇದೆ.”

ಅಜ್ಜಿ ನಕ್ಕರು. ನಮ್ಮ ಕಡೆ ಸಿರಾ, ಪಾವಗಡದ ಕಡೆಯಿಂದ ಕುರಿ ಹಿಂಡು ಹೊಲಗಳಿಗೆ ಬರುವುದನ್ನು ನೋಡುತ್ತಲೇ ಬೆಳೆದವರು ಅವರು. “ಕುರಿ ತಪ್ಪಿಸ್ಕೊಂಡ್ರೆ ಕುರುಬ ರೊಪ್ಪದ ಬಾಗಿಲು ತೆಗೆದಿಟ್ಟು ಮಲಗ್ತಾನೇನೇ? ಬೈಕೊಂಡಾದ್ರೂ ಹುಡುಕ್ಕೊಂಡು ಹೋಗ್ತಾನೆ. ಬರೋವಾಗ ಹೆಗಲ ಮೇಲೆ ಹಾಕ್ಕೊಂಡು ಬರ್ತಾನೆ” ಅಂದರು.

ಆ ಮಾತು ಬೆಂಗಳೂರಿನವರೆಗೂ ನನ್ನ ಜೊತೆ ಬಂತು.

ಕ್ರೈಸ್ತರಲ್ಲದ ಓದುಗರಿಗೂ ಈ ಕತೆ ಗೊತ್ತಿರಬಹುದು. ನೂರು ಕುರಿ ಇದ್ದವನು, ಒಂದು ತಪ್ಪಿಸಿಕೊಂಡರೆ ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಇದೆ. ಯೇಸು ಈ ಕತೆ ಹೇಳಿದ್ದು ದಾರಿ ತಪ್ಪಿದವರಿಗೆ ಅಲ್ಲ. ಅಂಥವರ ಜೊತೆ ಕೂತು ಊಟ ಮಾಡ್ತಾನೆ ಅಂತ ಗೊಣಗಿದ ಧಾರ್ಮಿಕರಿಗೆ. ಅಂದರೆ ನನ್ನಂಥವರಿಗೆ. ಭಾನುವಾರ ತಪ್ಪದೆ ಬರುವ, ವರದಿ ಬರೆಯುವ, ಲೆಕ್ಕ ಸರಿ ಇಡುವ ತೊಂಬತ್ತೊಂಬತ್ತರಲ್ಲಿ ಒಬ್ಬಳಿಗೆ.

ಮೊದಲ ಭೇಟಿ, ಒಂದು ಕಾರ್ಡು

ಅಣ್ಣ ಇದ್ದದ್ದು ಪೀಣ್ಯದಲ್ಲಿ. ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ಆಪರೇಟರ್. ನಾನು ಇರೋದು ವೈಟ್‌ಫೀಲ್ಡ್‌ನಲ್ಲಿ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಮಾರ್ಗ. ಒಂದೇ ಊರು, ಒಂದೇ ಮೆಟ್ರೊ ಕಾರ್ಡು. ನಾಲ್ಕು ವರ್ಷ ಹೋಗಿರಲಿಲ್ಲ.

2024ರ ಫೆಬ್ರವರಿ ಕೊನೆ. ಈಸ್ಟರ್‌ಗೆ ಮುಂಚಿನ ಲೆಂಟ್ ದಿನಗಳು. ಉಪವಾಸ, ಪ್ರಾರ್ಥನೆ ಎಲ್ಲ ಜೋರಾಗಿ ನಡೆಯುವ ಕಾಲ. ಒಂದು ಒಳ್ಳೆ ಕೆಲಸ ಮಾಡೇ ಬಿಡೋಣ ಅಂತ ಹೊರಟೆ. ನಿಜ ಹೇಳ್ತೀನಿ, ಮನಸ್ಸಿನಲ್ಲಿ ಒಂದು ಸಿನಿಮಾ ಓಡ್ತಿತ್ತು. ಬಾಗಿಲು ತೆಗೀತಾನೆ, ನಾನು ಅಳ್ತೀನಿ, ಅವನೂ ಅಳ್ತಾನೆ, ಈಸ್ಟರ್‌ಗೆ ಕರ್ಕೊಂಡು ಹೋಗ್ತೀನಿ, ಎಲ್ಲರೂ ಎದ್ದು ನಿಂತು ನೋಡ್ತಾರೆ.

ಅವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದ. ಬಾಗಿಲು ತೆಗೆದು, “ಏನಮ್ಮ, ಯಾರಿಗಾದ್ರೂ ಹುಷಾರಿಲ್ವಾ?” ಅಂದ. ಕೆಟ್ಟ ಸುದ್ದಿ ಇದ್ದರೆ ಮಾತ್ರ ನಾವು ಬರ್ತೀವಿ ಅಂತ ಅವನಿಗೆ ಗೊತ್ತಿತ್ತು.

ಕೆಳಗಿನ ಅಂಗಡಿಯಿಂದ ಟೀ ತರಿಸಿದ. ಕೆಲಸ, ಬಾಡಿಗೆ, ನೀರಿನ ತಾಪತ್ರಯ ಅಂತ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದ್ವಿ. ಆಮೇಲೆ ನಾನು ಬ್ಯಾಗಿನಿಂದ ಈಸ್ಟರ್ ಕೂಟದ ಆಮಂತ್ರಣದ ಕಾರ್ಡ್ ತೆಗೆದೆ.

ಅವನ ಮುಖ ಬದಲಾಯ್ತು. “ಯಾರು ಕಳಿಸಿದ್ರು?”

“ಯಾರೂ ಇಲ್ಲಣ್ಣ, ನಾನೇ ಬಂದೆ.”

“ಹಂಗಾದ್ರೆ ಕಾರ್ಡ್ ಯಾಕೆ?”

ನನ್ನ ಹತ್ರ ಉತ್ತರ ಇರಲಿಲ್ಲ. ಅವನು ಕಾರ್ಡನ್ನು ಟೀ ಲೋಟದ ಕೆಳಗೆ ಇಟ್ಟ. ವೃತ್ತಾಕಾರದ ಕಲೆ ಬಿತ್ತು. “ನಿದ್ದೆ ಬರ್ತಿದೆ” ಅಂದ. ನಾನು ಎದ್ದೆ.

“ನೀನು ಕ್ಷಮೆ ಕೇಳಿದ್ಯಾ?”

ಬೆಂಗಳೂರಿನಲ್ಲಿ ನಾನು ಹೋಗುವ ಸಭೆಯ ಅಯ್ಯನವರ ಹತ್ತಿರ ದೂರು ಹೇಳಿಕೊಂಡೆ. ಅಷ್ಟು ದೂರ ಹೋದೆ, ಹಿಂಗೆ ಮಾಡಿದ ಅಂತ. ಅವರು ಪೂರ್ತಿ ಕೇಳಿಸಿಕೊಂಡು, “ನೀನು ಕ್ಷಮೆ ಕೇಳಿದ್ಯಾಮ್ಮ?” ಅಂದರು.

“ನಾನಾ? ದುಡ್ಡು ತಗೊಂಡಿದ್ದು ಅವನು.”

ಅವರು ಬೈಬಲ್ ತೆಗೆದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ನನ್ನ ಕೈಗೇ ಕೊಟ್ಟರು. ಕುರಿಯ ಕತೆ ಅಲ್ಲೂ ಇದೆ. 12ರಿಂದ 14ನೇ ವಚನ. ಅದು ಮುಗಿದ ಕೂಡಲೇ 15ನೇ ವಚನದಲ್ಲಿ ಬರುವುದು, ನಿನ್ನ ಸಹೋದರ ತಪ್ಪು ಮಾಡಿದರೆ ಏನು ಮಾಡಬೇಕು ಅನ್ನೋ ವಿಷಯ. ಮೊದಲು ಅವನೊಬ್ಬನೇ ಇರುವಾಗ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಮಾತ್ರ ಸಭೆಗೆ ಹೇಳು. ಅದಾದ ಮೇಲೆ ಪೇತ್ರ ಬಂದು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಕೇಳ್ತಾನೆ. ಲೆಕ್ಕ ಇಡೋಕೆ ಆಗದಷ್ಟು ದೊಡ್ಡ ಸಂಖ್ಯೆ ಉತ್ತರವಾಗಿ ಬರುತ್ತೆ.

ಈ ಅಧ್ಯಾಯ ನಾನು ಎಷ್ಟೋ ಸಲ ಓದಿದ್ದೆ. ಕುರಿಯ ಕತೆ ಬೇರೆ, ಶಿಸ್ತಿನ ನಿಯಮ ಬೇರೆ ಅಂತ ಓದಿದ್ದೆ. ಒಂದರ ಪಕ್ಕ ಒಂದು ಇರುವುದು ಸುಮ್ಮನೆ ಅಲ್ಲ. ಒಬ್ಬನೇ ಇರುವಾಗ ಹೋಗಿ ಮಾತಾಡು ಅನ್ನುವುದೇ ಕುರಿ ಹುಡುಕುವ ಮೊದಲ ಹೆಜ್ಜೆ. ನಾನು ಮೊದಲ ಹೆಜ್ಜೆ, ಎರಡನೇ ಹೆಜ್ಜೆ ಎರಡೂ ಬಿಟ್ಟು ಸೀದಾ ಮೂರನೆಯದಕ್ಕೆ ಜಿಗಿದಿದ್ದೆ. ಕಾರ್ಯದರ್ಶಿಯಾಗಿ ಸರಿಯಾದ ಕೆಲಸ ಮಾಡಿದೆ ಅಂತ ನಾಲ್ಕು ವರ್ಷ ನಂಬಿದ್ದೆ. ತಂಗಿಯಾಗಿ ಮಾಡಬೇಕಾದದ್ದು ಮಾಡಿರಲಿಲ್ಲ.

ಹಾಗಂತ ದುಡ್ಡಿನ ವಿಷಯ ಮುಚ್ಚಿಡಬೇಕಿತ್ತು ಅಂತಲ್ಲ. ಅದು ವಿಧವೆಯರ ಕಂಬಳಿಯ ದುಡ್ಡು, ಲೆಕ್ಕ ಕೊಡಲೇಬೇಕಿತ್ತು. ಆದರೆ ಒಂದು ಸಂಜೆ ಅವನ ಪಕ್ಕ ಕೂತು, “ಅಣ್ಣ, ಏನಾಯ್ತು?” ಅಂತ ಕೇಳಿದ್ದರೆ ಅದೇ ಬೈಕ್ ಡಿಸೆಂಬರ್‌ನಲ್ಲೇ ಮಾರಿ ಹೋಗುತ್ತಿತ್ತೇನೋ.

ಬಿಡದೆ ಹುಡುಕಿದವರು

ಎರಡನೇ ಸಲ ಹೋದಾಗ ಕಾರ್ಡ್ ಇರಲಿಲ್ಲ. ಅಜ್ಜಿ ಕೊಟ್ಟ ಹುಣಸೆ ತೊಕ್ಕು ಇತ್ತು. ಮಾತು ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದೆ, ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. “ಅಣ್ಣ, ಆವತ್ತು ನಿನ್ನ ಹತ್ರ ಮೊದಲು ಬರಬೇಕಿತ್ತು. ಬರಲಿಲ್ಲ. ನನ್ನದು ತಪ್ಪಾಯ್ತು.”

ಅವನು ತುಂಬ ಹೊತ್ತು ಮಾತಾಡಲಿಲ್ಲ. ತೊಕ್ಕಿನ ಬಾಟಲಿ ಮುಚ್ಚಳ ತಿರುಗಿಸ್ತಾ ಕೂತಿದ್ದ. ಆಮೇಲೆ ಹೇಳಿದ್ದು ಇಷ್ಟು:

“ಎಲ್ಲರ ಮುಂದೆ ನಿಲ್ಲಿಸಿದ್ದಕ್ಕೆ ಸಿಟ್ಟಿಲ್ಲಮ್ಮ. ತಪ್ಪು ನಂದೇ ತಾನೆ. ಆವತ್ತು ರಾತ್ರಿ ಫೋನ್ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಯಾರಾದ್ರೂ ಮಾಡ್ತಾರೆ ಅಂತ. ಬೈಯೋಕಾದ್ರೂ. ಸಾಲದ ಆಪ್‌ನೋರು ಮಾತ್ರ ಮಾಡಿದ್ರು. ದಿನಕ್ಕೆ ನಲವತ್ತು ಸಲ. ನಂಬರ್ ಬದಲಾಯಿಸಿದ್ರೂ ಹುಡುಕಿದ್ರು, ರೂಮ್ ಬದಲಾಯಿಸಿದ್ರೂ ಹುಡುಕಿದ್ರು. ಅವರು ದುಡ್ಡಿಗೋಸ್ಕರ ನನ್ನ ಅಷ್ಟು ಹುಡುಕಿದ್ರು. ನೀವು ಒಬ್ರೂ ಹುಡುಕ್ಲಿಲ್ಲ.”

ನಾನು ಈ ಲೇಖನ ಬರೆಯೋಕೆ ಕಾರಣ ಈ ಮಾತೇ. ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೇನೆ. “ಹೆಸರು ಹಾಕ್ಬೇಡ, ಮಿಕ್ಕಿದ್ದೆಲ್ಲ ಹಾಕು. ಇನ್ನೊಬ್ಬನಿಗೆ ಉಪಯೋಗ ಆದ್ರೆ ಆಗ್ಲಿ” ಅಂದ.

ಪೌಲನೂ ಒಮ್ಮೆ ಬೇಡ ಅಂದಿದ್ದ

ದಾರಿ ಬಿಟ್ಟವರನ್ನು ಏನು ಮಾಡಬೇಕು ಅನ್ನುವ ಜಗಳ ಸಭೆಗೆ ಹೊಸದಲ್ಲ. ಮೊದಲನೇ ಶತಮಾನದಲ್ಲೇ ನಡೆದಿದೆ. ಅಪೊಸ್ತಲರ ಕೃತ್ಯಗಳಲ್ಲಿ ಮಾರ್ಕ ಅನ್ನುವ ಯುವಕ ಬರ್ತಾನೆ. ಪೌಲ, ಬಾರ್ನಬರ ಜೊತೆ ಸೇವೆಗೆ ಹೊರಟವನು ಅರ್ಧ ದಾರಿಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋಗಿಬಿಡ್ತಾನೆ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗೋಣ ಅಂತ ಬಾರ್ನಬ, ಬೇಡವೇ ಬೇಡ ಅಂತ ಪೌಲ. ಜಗಳ ಎಷ್ಟು ಜೋರಾಯಿತು ಅಂದ್ರೆ ಇಬ್ಬರೂ ಬೇರೆಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್ ದ್ವೀಪಕ್ಕೆ ಹೋದ.

ಕತೆ ಅಲ್ಲಿಗೆ ಮುಗಿಯಲ್ಲ. ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ, ಸೆರೆಯಲ್ಲಿರುವ ಪೌಲ ಅದೇ ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಅವನಿಂದ ಉಪಯೋಗವಿದೆ ಅಂತ ಕೇಳಿಕೊಳ್ತಾನೆ. ಎರಡನೇ ಸುವಾರ್ತೆಯನ್ನು ಬರೆದವನು ಇವನೇ ಅನ್ನೋದು ಸಭೆಯ ಹಳೆಯ ನಂಬಿಕೆ. ಮಧ್ಯದ ಆ ವರ್ಷಗಳಲ್ಲಿ ಬಾರ್ನಬ ಅವನಿಗೆ ಏನು ಹೇಳಿದ ಅಂತ ಎಲ್ಲೂ ಬರೆದಿಲ್ಲ. ಜೊತೆಗೆ ಕರೆದುಕೊಂಡು ಹೋದ ಅಂತ ಮಾತ್ರ ಇದೆ. ಪ್ರತಿ ಸಭೆಯಲ್ಲೂ ಪೌಲರು ಬೇಕಾದಷ್ಟು ಜನ ಇರ್ತಾರೆ. ಬಾರ್ನಬರು ಕಡಿಮೆ.

ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಪೌಲನೇ, ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸೌಮ್ಯವಾಗಿ ಸರಿಮಾಡಿ, ನೀವೂ ಹುಷಾರಾಗಿರಿ ಅಂತಾನೆ. ಅಲ್ಲಿ ‘ಸರಿಮಾಡಿ’ ಅನ್ನೋದಕ್ಕೆ ಇರುವ ಗ್ರೀಕ್ ಕ್ರಿಯಾಪದವನ್ನೇ ಮಾರ್ಕನ ಸುವಾರ್ತೆಯಲ್ಲಿ ಬೆಸ್ತರು ದೋಣಿಯಲ್ಲಿ ಕೂತು ಬಲೆ ಸರಿಮಾಡುವುದಕ್ಕೂ ಬಳಸಿದ್ದಾರೆ. ಬಲೆ ಹರಿದರೆ ಬೆಸ್ತ ಅದನ್ನು ನಿಲ್ಲಿಸಿ ವಿಚಾರಣೆ ಮಾಡಲ್ಲ. ಕೂತು, ಒಂದೊಂದೇ ಗಂಟು ಹಾಕ್ತಾನೆ.

ಆರನೇ ಶತಮಾನದ ಸಂತ ಬೆನೆಡಿಕ್ಟ್ ಇಟಲಿಯಲ್ಲಿ ತನ್ನ ಮಠಗಳಿಗೆ ಬರೆದ ನಿಯಮಗಳಲ್ಲಿ ಕಟ್ಟುನಿಟ್ಟಾದ ಶಿಕ್ಷೆಗಳೂ ಇವೆ. ಆದರೆ ಶಿಕ್ಷೆಗೆ ಒಳಗಾಗಿ ದೂರ ಇಟ್ಟ ಸಹೋದರನ ಬಗ್ಗೆ 27ನೇ ಅಧ್ಯಾಯದಲ್ಲಿ ಒಂದು ಏರ್ಪಾಟು ಇದೆ. ಮಠದ ಮುಖ್ಯಸ್ಥ ವಯಸ್ಸಾದ, ವಿವೇಕಿಗಳಾದ ಕೆಲವರನ್ನು ಸದ್ದಿಲ್ಲದೆ ಅವನ ಹತ್ತಿರ ಕಳಿಸಬೇಕು, ಅವನು ದುಃಖದಲ್ಲಿ ಮುಳುಗಿಹೋಗದಂತೆ ಸಮಾಧಾನ ಹೇಳಿಸಬೇಕು. ಶಿಕ್ಷೆ ಕೊಟ್ಟ ಮನೆಯೇ ಸಮಾಧಾನಕ್ಕೂ ಜನ ಕಳಿಸಬೇಕು. ನಮ್ಮ ಸಭೆ ಮೊದಲನೆಯದನ್ನು ಮಾಡಿತು, ಎರಡನೆಯದನ್ನು ಮರೆಯಿತು.

ಕಲಿತದ್ದು, ಇನ್ನೂ ಕಲಿಯುತ್ತಿರುವುದು

ಈ ಒಂದೂವರೆ ವರ್ಷದಲ್ಲಿ ಎಡವಿ ಎಡವಿ ಕಲಿತ ನಾಲ್ಕು ಮಾತು ಹಂಚಿಕೊಳ್ತೀನಿ. ಉಪದೇಶ ಅಂದ್ಕೋಬೇಡಿ.

ಒಂದು, ಮನುಷ್ಯನನ್ನು ನೋಡೋಕೆ ಹೋಗಿ, ಹಾಜರಾತಿ ತುಂಬಿಸೋಕೆ ಅಲ್ಲ. ಮೂರನೇ ಭೇಟಿಯಿಂದ ಆಚೆಗೆ ನಾನು ಸಭೆಯ ವಿಷಯ ಎತ್ತಲೇ ಇಲ್ಲ. ಅವನೇ ಒಂದು ದಿನ, “ಈಗ ಕೀಬೋರ್ಡ್ ಯಾರು ನುಡಿಸ್ತಾರೆ?” ಅಂತ ಕೇಳಿದ. ಅಷ್ಟಕ್ಕೆ ಉತ್ತರ ಕೊಟ್ಟು ಸುಮ್ಮನಾದೆ.

ಎರಡು, ವಾದ ಬೇಡ. ಸಂತ ಆಗಸ್ಟೀನ ಯೌವನದಲ್ಲಿ ತಾಯಿಯ ನಂಬಿಕೆ ಬಿಟ್ಟು ಬೇರೆ ಪಂಥಕ್ಕೆ ಹೋಗಿದ್ದವನು. ತಾಯಿ ಮೋನಿಕ, ಅವನ ಜೊತೆ ವಾದ ಮಾಡಿ ಬುದ್ಧಿ ಹೇಳಿ ಅಂತ ಒಬ್ಬ ಬಿಷಪ್ಪರನ್ನು ಬೇಡಿಕೊಂಡಳು. ಈಗ ಬೇಡ, ನೀನು ಪ್ರಾರ್ಥನೆ ಮಾಡು ಅಂತ ಅವರು ಕಳಿಸಿದರು. ಆಫ್ರಿಕಾದಿಂದ ಇಟಲಿಗೆ ಮಗನ ಹಿಂದೆಯೇ ಹೋದಳು ಆಕೆ. 387ರ ಈಸ್ಟರ್‌ನಲ್ಲಿ ಮಿಲಾನ್‌ನಲ್ಲಿ ಅವನ ದೀಕ್ಷಾಸ್ನಾನ ಆಯ್ತು, ಅದೇ ವರ್ಷ ಆಕೆ ತೀರಿಕೊಂಡಳು. ಎಲ್ಲರಿಗೂ ಆ ಈಸ್ಟರ್ ನೋಡೋಕೆ ಸಿಗಲ್ಲ. ಆದರೂ ಅಜ್ಜಿ ಡಬ್ಬಿ ತುಂಬುತ್ತಾರೆ.

ಮೂರು, ಕೆಲವು ಗಾಯಕ್ಕೆ ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು. ಜೂಜಿನ ಚಟ ಕೆಟ್ಟತನ ಮಾತ್ರ ಅಲ್ಲ, ಚಿಕಿತ್ಸೆ ಬೇಕಾದ ಸಮಸ್ಯೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಗೇಮ್‌ಗಳ ಚಟಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ಮನಸ್ಸು ಕುಸಿದಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡ್ತಾರೆ. ಅಣ್ಣ ಮೊದಲ ಸಲ ಆಪ್ತಸಮಾಲೋಚಕರನ್ನು ನೋಡೋಕೆ ಹೋದಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಆ ಒಂದು ಗಂಟೆ ನಾನು ಮಾಡಿದ ಅತ್ಯಂತ ಒಳ್ಳೆಯ ಆರಾಧನೆ ಅಂತ ಈಗಲೂ ಅನ್ನಿಸುತ್ತೆ.

ನಾಲ್ಕು, ದೂರ ಹೋದವರೆಲ್ಲ ದಾರಿ ತಪ್ಪಿದವರಲ್ಲ. ಇದು ಮುಖ್ಯ. ಸಭೆಯಲ್ಲೇ ಯಾರಿಂದಲೋ ಅವಮಾನ, ಕಿರುಕುಳ ಆಗಿ ಹೋದವರಿದ್ದಾರೆ. ಅಂಥವರಿಗೆ ವಾಪಸ್ ಬಾ ಅನ್ನುವ ಮುಂಚೆ ಅವರಿಗಾದ ಅನ್ಯಾಯ ಕೇಳಿಸಿಕೊಳ್ಳಬೇಕು, ತಪ್ಪು ಮಾಡಿದವರನ್ನು ಪ್ರಶ್ನಿಸಬೇಕು. ಅಲ್ಲಿ ಪಶ್ಚಾತ್ತಾಪ ಪಡಬೇಕಾದದ್ದು ಸಭೆ. ಇನ್ನು ಕೆಲವರು ಯೋಚಿಸಿ, ತಮ್ಮ ಮನಸ್ಸಾಕ್ಷಿಗೆ ಸರಿ ಅನ್ನಿಸಿದ ದಾರಿ ಹಿಡಿದಿರ್ತಾರೆ. ಅವರ ಬೆನ್ನು ಹತ್ತೋದು ಪ್ರೀತಿಯಲ್ಲ. ಅವರು ನಮ್ಮ ಅಣ್ಣ ತಮ್ಮ, ಅಕ್ಕ ತಂಗಿಯರಾಗಿ ಉಳಿಯೋಕೆ ಯಾವ ಷರತ್ತೂ ಬೇಕಾಗಿಲ್ಲ. ಬೇಡ ಅಂದರೆ ಬೇಡ. ಆಮೇಲೂ ಹಬ್ಬಕ್ಕೆ ಊಟಕ್ಕೆ ಕರೀಬಹುದು.

ಪುಸ್ತಕದಿಂದ ಹೊರಬಂದ ಸಾಲು

ಅಣ್ಣನ ಹತ್ತಿರ ಕ್ಷಮೆ ಕೇಳಿದ ಮೇಲೆ ಇನ್ನೊಂದು ಕೆಲಸ ಬಾಕಿ ಇತ್ತು. ಊರಿನ ಸಭೆಯ ಕಮಿಟಿಗೆ ಒಂದು ಪತ್ರ ಬರೆದೆ. ದುಡ್ಡು ಹೋಗಿದೆ ಅಂತ ಎಲ್ಲರ ಮುಂದೆ ಹೇಳಿದ್ವಿ, ಪೂರ್ತಿ ಬಂದಿದೆ ಅನ್ನೋದನ್ನೂ ಎಲ್ಲರ ಮುಂದೆಯೇ ಹೇಳಬೇಕಲ್ವಾ ಅಂತ. ಮೊದಲು ಉತ್ತರ ಬರಲಿಲ್ಲ. ಹಳೇ ವಿಷಯ ಕೆದಕೋದು ಯಾಕೆ ಅಂತ ಒಬ್ಬರು ಅಂದರಂತೆ. ಮೂರು ತಿಂಗಳ ನಂತರ, ವಾರ್ಷಿಕ ಸಭೆಯಲ್ಲಿ, ನಾನು ಮೊದಲು ದೂರು ಹೇಳಿದ್ದ ಅದೇ ಹಿರಿಯರು ಎದ್ದು ನಿಂತರು. ಲೆಕ್ಕದ ಪುಸ್ತಕದ ಆ ನೀಲಿ ಸಾಲನ್ನು ತಾರೀಕಿನ ಸಮೇತ ಓದಿದರು. “ಇದನ್ನ ಆಗಲೇ ಓದಬೇಕಿತ್ತು. ಓದಲಿಲ್ಲ. ನಮ್ಮ ತಪ್ಪು” ಅಂದು ಕೂತರು.

ಹೆಂಗಸರ ಸಾಲಿನಲ್ಲಿ ದೊಡ್ಡಮ್ಮ ಅದೇ ಜಾಗದಲ್ಲಿ ಕೂತಿದ್ದರು. ಈ ಸಲವೂ ಸೆರಗು ಬಾಯಿಗೆ ಹೋಯ್ತು.

ಆ ಹಿರಿಯರು ಆಮೇಲೆ ಪೀಣ್ಯಕ್ಕೂ ಹೋಗಿದ್ದರು. ಇಬ್ಬರೂ ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ. “ಬಂದಿದ್ರು, ಮುದ್ದೆ ಊಟ ಮಾಡ್ಕೊಂಡು ಹೋದ್ರು” ಅಂತ ಅಣ್ಣ ಹೇಳಿದ, ಅಷ್ಟೇ.

ಪೇತ್ರನ ಕತೆ ನೆನಪಾಯ್ತು. ಮೂರು ಸಲ ಯೇಸುವನ್ನು ಅರಿಯೆ ಅಂದವನು ಅವನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು, ಮೊದಲು ತಿಂಡಿ ತಿನ್ನಿಸುತ್ತಾನೆ. ಪ್ರೀತಿಯ ಪ್ರಶ್ನೆ ಕೇಳೋದು ತಿಂಡಿ ಆದ ಮೇಲೆ. ಹೊಟ್ಟೆಗೆ ಹಾಕಿ ಆಮೇಲೆ ಮಾತು, ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿರುವ ಕ್ರಮವೇ.

2024ರ ಡಿಸೆಂಬರ್ 26. ಕ್ರಿಸ್ಮಸ್ ದಿನವಲ್ಲ, ಮರುದಿನ. ಜನ ಕಡಿಮೆ ಇರ್ತಾರೆ ಅಂತ ಲೆಕ್ಕ ಹಾಕಿಯೇ ಬಂದಿದ್ದ ಅನ್ಸುತ್ತೆ. ಅಣ್ಣ ಅಜ್ಜಿ ಮನೆಗೆ ಬಂದ. ಅಜ್ಜಿ ಎಲ್ಲಿದ್ದೆ, ಏನು ಮಾಡ್ತಿದ್ದೆ ಅಂತ ಒಂದು ಮಾತೂ ಕೇಳಲಿಲ್ಲ. ಶೆಲ್ಫಿನಿಂದ ಡಬ್ಬಿ ತೆಗೆದು ಕೊಟ್ಟರು. “ನಿನ್ನೆ ಬಂದಿದ್ರೆ ಇನ್ನೂ ಗರಿಗರಿ ಇರೋದು” ಅಂತ ಬೈದರು. ಅವನು ಅಲ್ಲೇ ನೆಲದ ಮೇಲೆ ಕೂತು ಕರ್ಜಿಕಾಯಿ ತಿಂದ.

ಅವನು ಇನ್ನೂ ಸಭೆಗೆ ಬಂದಿಲ್ಲ. ಬರ್ತಾನೋ ಇಲ್ವೋ ಗೊತ್ತಿಲ್ಲ. ಮಧ್ಯೆ ಒಮ್ಮೆ ಮತ್ತೆ ಆಟಕ್ಕೆ ಕೈ ಹಾಕಿ ಎರಡು ಸಾವಿರ ಕಳೆದ. ಈ ಸಲ ಅದೇ ರಾತ್ರಿ ನನಗೆ ಫೋನ್ ಮಾಡಿ ಹೇಳಿದ. ಐದು ವರ್ಷದ ಹಿಂದೆ ಹಾಗೆ ಹೇಳಬಹುದಾದ ಒಂದು ನಂಬರ್ ಅವನ ಹತ್ತಿರ ಇರಲಿಲ್ಲ. ಈಗ ಇದೆ. ನನಗೆ ಸದ್ಯಕ್ಕೆ ಅದೇ ದೊಡ್ಡ ಸುದ್ದಿ.

ನಿಮ್ಮ ಫೋನಿನಲ್ಲೂ ಅಂಥ ಒಂದು ಹೆಸರು ಇರಬಹುದು. ಗ್ರೂಪ್ ಬಿಟ್ಟವರು, ಹಬ್ಬಕ್ಕೆ ಬಾರದವರು, ಮನೆಯಲ್ಲಿ ಯಾರೂ ಹೆಸರೆತ್ತದವರು. ನೀವು ಯಾವ ದೇವರಿಗೆ ಕೈಮುಗಿಯುವವರಾದರೂ ಸರಿ, ಮುಗಿಯದವರಾದರೂ ಸರಿ. ಉದ್ದದ ಮೆಸೇಜ್ ಬೇಡ, ವಚನದ ಚಿತ್ರವೂ ಬೇಡ. “ಊಟ ಆಯ್ತಾ?” ಅಂತ ಕೇಳಿ. ಉತ್ತರ ಬರದಿದ್ದರೆ ಮುಂದಿನ ವಾರ ಇನ್ನೊಮ್ಮೆ ಕೇಳಿ.